ಕೂಸಿನ ಉಸಿರು, ಅಜ್ಜನ ದಮ್ಮು: ಆರ್‌.ಎಸ್‌.ವಿ. ಸೋಂಕು ಮತ್ತು ಅದರ ತಡೆ



ಕಾರಹುಣ್ಣಿಮೆ ಮುಗಿದು ಮಳೆ ಹಿಡಿದುಕೊಂಡಿತೆಂದರೆ ಹೊರರೋಗಿ ವಿಭಾಗದ ಬೆಂಚುಗಳ ಮೇಲೆ ಒಂದೇ ಬಗೆಯ ನೋಟ ಕಾಣಸಿಗುತ್ತದೆ. ತಾಯಿಯ ತೊಡೆಯ ಮೇಲೆ ಎರಡು-ಮೂರು ತಿಂಗಳ ಕೂಸು, ಪಕ್ಕದಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುವ ಅಜ್ಜಿ, ಅವರ ಕಾಲ ಬಳಿ ಮೂಗು ಸೋರುತ್ತ ಆಡುತ್ತಿರುವ ಅಂಗನವಾಡಿಯ ಪೋರ. "ಮನ್ಯಾಗ ಎಲ್ಲಾರಿಗೂ ಥಂಡಿ ಆಗೈತ್ರಿ, ಕೂಸಿಗೆ ಮಾತ್ರ ಪಕ್ಕಿ ಹಾರಾಕತ್ತಾವು" ಎಂದು ತಾಯಿ ಹೇಳುತ್ತಾಳೆ. ಈ ಒಂದು ಮಾತಿನಲ್ಲಿ ರೋಗದ ಕಥೆಯೆಲ್ಲ ಇದೆ. ಪೋರನಿಗೆ ಬರಿಯ ನೆಗಡಿ, ತಾಯಿಗೆ ಗಂಟಲು ನೋವು, ಅಜ್ಜಿಗೆ ದಮ್ಮು, ಕೂಸಿಗೆ ಮಾತ್ರ ಪ್ರಾಣಸಂಕಟ. ಎಷ್ಟೋ ಸಲ ಈ ನಾಲ್ವರನ್ನೂ ಕಾಡುತ್ತಿರುವುದು ಒಂದೇ ವೈರಾಣು. ಅದರ ಪೂರ್ಣ ಹೆಸರು ರೆಸ್ಪಿರೇಟರಿ ಸಿನ್ಸಿಶಿಯಲ್ ವೈರಸ್. ಬಾಯಿ ತಿರುಗದ ಹೆಸರಾದ್ದರಿಂದ ವೈದ್ಯರು ಆರ್‌.ಎಸ್‌.ವಿ. ಎನ್ನುತ್ತಾರೆ, ನಾವೂ ಹಾಗೆಯೇ ಕರೆಯೋಣ.

ಇದು ಹೊಸ ರೋಗವಲ್ಲ. 1956ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ನೆಗಡಿಯಾಗಿದ್ದ ಚಿಂಪಾಂಜಿಗಳಲ್ಲಿ ಇದನ್ನು ಮೊದಲು ಗುರುತಿಸಿದರು. ಮರುವರ್ಷವೇ ರಾಬರ್ಟ್ ಚಾನಕ್ ಎಂಬ ವಿಜ್ಞಾನಿ ಉಸಿರಾಟದ ತೊಂದರೆಯಿದ್ದ ಶಿಶುಗಳಲ್ಲಿಯೂ ಅದೇ ವೈರಾಣುವನ್ನು ಕಂಡರು. ಎರಡು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಇದು ಒಮ್ಮೆಯಾದರೂ ತಗಲುತ್ತದೆ. ದಡಾರದಂತೆ ಒಮ್ಮೆ ಬಂದರೆ ಮತ್ತೆ ಬಾರದ ರೋಗವೂ ಅಲ್ಲ, ಆಯುಷ್ಯದುದ್ದಕ್ಕೂ ಬರುತ್ತಿರುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಒಂದು ವಾರದ ನೆಗಡಿಯಷ್ಟೇ. ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಹೆಚ್ಚುವ ಈ ಸೋಂಕು ದಕ್ಷಿಣದಲ್ಲಿ ಮಳೆಯ ಜೊತೆಗೆ ಏರುವುದು ಕಂಡುಬಂದಿದೆ. ಜೋಯಿಡಾದ ಮಳೆಯೆಂದರೆ ಎಂಥದು ಎಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಬಾಗಿಲು ಕಿಟಕಿ ಮುಚ್ಚಿ, ಒಂದೇ ಕೋಣೆಯಲ್ಲಿ ಎಲ್ಲರೂ ಒಲೆಯ ಸುತ್ತ ಕೂಡುವ ದಿನಗಳು ಅವು.

ಕೂಸಿಗೇ ಏಕೆ ಇಷ್ಟು ಕಷ್ಟ?

ಒಲೆ ಊದುವ ಊದುಗೊಳವೆಯನ್ನು ನೆನೆಸಿಕೊಳ್ಳಿ. ನಮ್ಮ ಎದೆಯೊಳಗೂ ಇಂಥ ಗೊಳವೆಗಳಿವೆ. ದೊಡ್ಡ ಗೊಳವೆ ಕವಲೊಡೆದು ಕವಲೊಡೆದು ಕೊನೆಗೆ ಕೂದಲೆಳೆಯಂಥ ಕಿರುನಾಳಗಳಾಗುತ್ತವೆ. ಆರ್‌.ಎಸ್‌.ವಿ. ಹೋಗಿ ಕೂಡುವುದು ಈ ಕಿರುನಾಳಗಳ ಒಳಗೋಡೆಯಲ್ಲಿ. ಗೋಡೆ ಬಾತುಕೊಳ್ಳುತ್ತದೆ, ಸತ್ತ ಜೀವಕೋಶ ಮತ್ತು ಕಫ ಸೇರಿ ನಾಳ ಕಟ್ಟುತ್ತದೆ. ದೊಡ್ಡವರ ನಾಳ ಅಗಲವಾಗಿರುವುದರಿಂದ ಸ್ವಲ್ಪ ಬಾವು ಬಂದರೂ ಗಾಳಿಗೆ ದಾರಿ ಉಳಿಯುತ್ತದೆ. ಕೂಸಿನ ನಾಳಕ್ಕೆ ಆ ಅನುಕೂಲವಿಲ್ಲ. ನಾಳದ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಆಗುವ ತಡೆ ಎರಡು ಪಟ್ಟಾಗುತ್ತದೆಂದು ನಾವು ಎಣಿಸುತ್ತೇವೆ, ಆದರೆ ಭೌತಶಾಸ್ತ್ರದ ಲೆಕ್ಕದಲ್ಲಿ ಅದು ಹದಿನಾರು ಪಟ್ಟು! ಆದ್ದರಿಂದಲೇ ಬೆಳಿಗ್ಗೆ ನಗುತ್ತಿದ್ದ ಕೂಸು ಸಂಜೆಯೊಳಗೆ ಪಕ್ಕೆ ಸೆಳೆಯಲು ತೊಡಗುತ್ತದೆ. ಹಾಲು ಕುಡಿಯುವುದೂ ಉಸಿರಾಡುವುದೂ ಒಟ್ಟಿಗೆ ಸಾಧ್ಯವಾಗದೆ ಮೊಲೆ ಬಿಟ್ಟು ಅಳುತ್ತದೆ. ಅವಧಿಗೆ ಮೊದಲು ಹುಟ್ಟಿದ ಕೂಸುಗಳಲ್ಲಿ ಮತ್ತು ಒಂದೆರಡು ತಿಂಗಳ ಎಳೆಗೂಸುಗಳಲ್ಲಿ ಕೆಮ್ಮು, ಜ್ವರ ಏನೂ ಇಲ್ಲದೆ ನಡುನಡುವೆ ಉಸಿರೇ ನಿಂತುಹೋಗುವುದುಂಟು.

2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 1,01,000 ಮಕ್ಕಳು ಈ ಸೋಂಕಿನಿಂದ ತೀರಿಕೊಂಡರು. ಅವರಲ್ಲಿ ಸುಮಾರು 45,700 ಕೂಸುಗಳಿಗೆ ಆರು ತಿಂಗಳೂ ತುಂಬಿರಲಿಲ್ಲ. ಸತ್ತವರಲ್ಲಿ ನೂರಕ್ಕೆ 97 ಮಕ್ಕಳು ನಮ್ಮಂಥ ಬಡ ಮತ್ತು ಮಧ್ಯಮ ವರಮಾನದ ದೇಶಗಳವರು. ಶ್ರೀಮಂತ ದೇಶಗಳಲ್ಲಿಯೂ ಮಕ್ಕಳಿಗೆ ಇದು ತಗಲುತ್ತದೆ, ಆಸ್ಪತ್ರೆಗೂ ಸೇರುತ್ತಾರೆ, ಆದರೆ ಸಾಯುವುದು ಅಪರೂಪ. ಔಷಧಿ ಎರಡೂ ಕಡೆ ಒಂದೇ. ವ್ಯತ್ಯಾಸವಿರುವುದು ಆಮ್ಲಜನಕದ ಸಿಲಿಂಡರಿಗೂ ಮನೆಗೂ ನಡುವಿನ ದಾರಿಯಲ್ಲಿ. ಮಹಾರಾಷ್ಟ್ರದ ಮೇಳಘಾಟ ಕಾಡಿನ ಬುಡಕಟ್ಟು ಹಳ್ಳಿಗಳಲ್ಲಿ ಸಂಶೋಧಕರು ಕೆಲ ವರ್ಷ ಮನೆಮನೆ ತಿರುಗಿ ನೋಡಿದಾಗ, ಆಸ್ಪತ್ರೆಯ ಮುಖವನ್ನೇ ಕಾಣದೆ ಮನೆಯಲ್ಲಿ ತೀರಿಕೊಂಡ ಕೂಸುಗಳಲ್ಲಿಯೂ ಈ ವೈರಾಣು ಕಂಡುಬಂದಿತು. ಆಸ್ಪತ್ರೆಯ ದಾಖಲೆಯಲ್ಲಿ ಅಂಥ ಸಾವು ಸೇರುವುದೇ ಇಲ್ಲ.

ಮೇಳಘಾಟದ ಮಾತು ನಮಗೆ ದೂರದ್ದಲ್ಲ. ಜೋಯಿಡಾದ ಕಾಡೊಳಗಿನ ಕುಣಬಿಯರ ಕೇರಿ, ಹಳಿಯಾಳ-ಮುಂಡಗೋಡದ ಸಿದ್ದಿಯರ ಮತ್ತು ಗೌಳಿಗರ ದೊಡ್ಡಿ, ಇಲ್ಲೆಲ್ಲ ಮಳೆಗಾಲದ ರಾತ್ರಿ ಡಾಂಬರು ರಸ್ತೆ ಮುಟ್ಟುವುದೇ ಒಂದು ಪ್ರಯಾಣ. ಅಲ್ಲಿಂದ ದಾಂಡೇಲಿ, ದಾಂಡೇಲಿಯಿಂದ ಧಾರವಾಡಕ್ಕೆ ಮತ್ತೆ ಸುಮಾರು 55 ಕಿಲೋಮೀಟರ್. ಮುಂಡಗೋಡದವರು ಹುಬ್ಬಳ್ಳಿಯ ಕಡೆ ಹೋಗಬೇಕು. ಎಳೆಗೂಸಿಗೆ ಕೃತಕ ಉಸಿರಾಟದ ಯಂತ್ರ ಬೇಕಾದರೆ ಇವೇ ಊರುಗಳು ಗತಿ. ಆದ್ದರಿಂದ ಈ ನಾಲ್ಕು ತಾಲೂಕುಗಳವರಿಗೆ ರೋಗ ಬಂದ ಮೇಲಿನ ಚಿಕಿತ್ಸೆಗಿಂತ ಮಳೆಗೆ ಮುಂಚಿನ ತಯಾರಿ ಹೆಚ್ಚು ಮುಖ್ಯ.

ಅರವತ್ತು ವರ್ಷ ಸಿಗದೇ ಹೋದ ಲಸಿಕೆ

"ಇಷ್ಟು ಹಳೆಯ ರೋಗಕ್ಕೆ ಇಷ್ಟು ದಿನ ಲಸಿಕೆ ಯಾಕಿರಲಿಲ್ಲ?" ಎಂದು ಕೇಳುವುದು ನ್ಯಾಯವೇ. ಪ್ರಯತ್ನ ನಡೆದಿತ್ತು, ಅದು ಕೆಟ್ಟ ರೀತಿಯಲ್ಲಿ ಮುಗಿಯಿತು. 1960ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ವೈರಾಣುವನ್ನು ಫಾರ್ಮಲಿನ್‌ನಲ್ಲಿ ಸಾಯಿಸಿ ಲಸಿಕೆ ಮಾಡಿ ಶಿಶುಗಳಿಗೆ ಕೊಟ್ಟು ನೋಡಿದರು. ಮುಂದೆ ಆ ಮಕ್ಕಳಿಗೆ ನಿಜವಾದ ಸೋಂಕು ತಗಲಿದಾಗ ರೋಗ ಕಡಿಮೆಯಾಗುವ ಬದಲು ಹೆಚ್ಚಾಯಿತು. ಸೋಂಕು ತಗಲಿದವರಲ್ಲಿ ನೂರಕ್ಕೆ ಎಂಬತ್ತು ಮಕ್ಕಳು ಆಸ್ಪತ್ರೆ ಸೇರಿದರು, ಇಬ್ಬರು ತೀರಿಕೊಂಡರು. ಆ ಪೆಟ್ಟಿನಿಂದ ವಿಜ್ಞಾನಿಗಳು ಚೇತರಿಸಿಕೊಳ್ಳಲು ದಶಕಗಳೇ ಹಿಡಿದವು. ಇದನ್ನು ಮುಚ್ಚಿಟ್ಟು ಹೊಸ ಲಸಿಕೆಯ ಗುಣಗಾನ ಮಾಡುವುದು ನಮಗೆ ಸರಿ ಕಾಣುವುದಿಲ್ಲ. ತಪ್ಪು ಎಲ್ಲಾಯಿತು, ಅದು ಹೇಗೆ ಸರಿಹೋಯಿತು ಎಂದು ತಿಳಿದರೆ ಭಯ ತಾನಾಗಿ ಇಳಿಯುತ್ತದೆ.

ವೈರಾಣುವಿನ ಮೈಮೇಲೆ ಎಫ್ ಎಂಬ ಪ್ರೋಟೀನಿನ ಮುಳ್ಳುಗಳಿವೆ. ಅವು ಬಿಗಿದಿಟ್ಟ ಇಲಿಬೋನಿನ ಹಾಗೆ. ನಮ್ಮ ಜೀವಕೋಶವನ್ನು ಮುಟ್ಟಿದೊಡನೆ ಬೋನು ಸಿಡಿದು ಆಕಾರ ಬದಲಾಗುತ್ತದೆ, ವೈರಾಣು ಒಳನುಗ್ಗುತ್ತದೆ. ಸಿಡಿದ ಬೋನಿನ ಆಕಾರವನ್ನು ಕಲಿತ ದೇಹಕ್ಕೆ, ಬಿಗಿದ ಬೋನು ಎದುರು ಬಂದಾಗ ಗುರುತು ಹತ್ತುವುದಿಲ್ಲ. ಹಳೆಯ ಲಸಿಕೆ ಕಲಿಸಿದ್ದು ಮುಖ್ಯವಾಗಿ ಸಿಡಿದ ಆಕಾರವನ್ನು. ದೇಹ ತಯಾರಿಸಿದ ಪ್ರತಿಕಾಯಗಳು ವೈರಾಣುವನ್ನು ತಡೆಯಲಾರದೆ ಎದೆಯೊಳಗಿನ ಬಾವನ್ನಷ್ಟೇ ಹೆಚ್ಚಿಸಿದವು. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೇಸನ್ ಮೆಕ್ಲೆಲ್ಲನ್, ಬಾರ್ನಿ ಗ್ರಹಾಂ ಮತ್ತು ಸಂಗಡಿಗರು ಬಿಗಿದ ಆಕಾರವನ್ನು ಕಣ್ಣಿಗೆ ಕಾಣುವಂತೆ ಬಿಡಿಸಿ, ಅದು ಸಿಡಿಯದಂತೆ ಹಿಡಿದಿಡುವ ಉಪಾಯವನ್ನೂ ಕಂಡುಕೊಂಡರು. ಈಗಿನ ಎಲ್ಲ ರಕ್ಷಣೆಗೂ ಇದೇ ಅಡಿಪಾಯ. ಕೋವಿಡ್ ಕಾಲದಲ್ಲಿ ಹಲವು ಲಸಿಕೆಗಳು ಅಷ್ಟು ಬೇಗ ತಯಾರಾದದ್ದೂ ಬಹುಮಟ್ಟಿಗೆ ಇದೇ ಬಗೆಯ ಉಪಾಯದಿಂದ.

ಕೂಸಿಗೆ ರಕ್ಷಣೆ ಎರಡು ದಾರಿಯಲ್ಲಿ

ಹುಟ್ಟಿದ ಕೂಸಿಗೆ ಲಸಿಕೆ ಹಾಕಿ ಅದರ ದೇಹ ಕಲಿಯುವವರೆಗೆ ಕಾಯುವಷ್ಟು ಸಮಯ ಈ ರೋಗ ಕೊಡುವುದಿಲ್ಲ. ಅಪಾಯವಿರುವುದೇ ಮೊದಲ ಆರು ತಿಂಗಳಲ್ಲಿ. ಆದ್ದರಿಂದ ಶಕ್ತಿಯನ್ನು ಎರವಲು ತರಬೇಕಾಗುತ್ತದೆ.

ಮೊದಲ ದಾರಿ ತಾಯಿಯ ಮೂಲಕ. ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಅಬ್ರಿಸ್ವೋ ಎಂಬ ಲಸಿಕೆಯ ಒಂದು ಚುಚ್ಚುಮದ್ದು ಕೊಟ್ಟರೆ ಆಕೆಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಮಾಸು ದಾಟಿ ಕೂಸಿಗೆ ಸೇರುತ್ತವೆ. ಧನುರ್ವಾಯು ತಡೆಗೆಂದು ಬಸುರಿಯರಿಗೆ ಟಿ.ಡಿ. ಚುಚ್ಚುವುದೂ ಇದೇ ತತ್ವದ ಮೇಲೆ, ಹಾಗಾಗಿ ನಮ್ಮ ತಾಯಂದಿರಿಗೆ ಇದು ತೀರ ಹೊಸ ಮಾತೇನಲ್ಲ. ಸುಮಾರು 7,400 ಗರ್ಭಿಣಿಯರ ಮೇಲೆ ನಡೆದ ಪರೀಕ್ಷೆಯಲ್ಲಿ, ಹುಟ್ಟಿದ ಮೂರು ತಿಂಗಳವರೆಗೆ ತೀವ್ರ ರೋಗ ನೂರಕ್ಕೆ 82ರಷ್ಟು, ಆರು ತಿಂಗಳವರೆಗೆ ನೂರಕ್ಕೆ 69ರಷ್ಟು ತಗ್ಗಿತು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇದನ್ನು 28 ವಾರ ತುಂಬಿದ ಮೇಲೆ ಕೊಡಬಹುದೆಂದು ಸಲಹೆ ಮಾಡಿದೆ. ಅಮೆರಿಕದಲ್ಲಿ 32ರಿಂದ 36 ವಾರಗಳ ನಡುವೆ ಮಾತ್ರ ಕೊಡುತ್ತಾರೆ. ಲಸಿಕೆ ಪಡೆದವರಲ್ಲಿ ಅವಧಿಪೂರ್ವ ಹೆರಿಗೆ ತುಸು ಹೆಚ್ಚು ಕಂಡದ್ದರಿಂದ, ಅದು ಲಸಿಕೆಯಿಂದಲೇ ಆದದ್ದೆಂದು ಸಿದ್ಧವಾಗದಿದ್ದರೂ, ಇಟ್ಟುಕೊಂಡ ಎಚ್ಚರಿಕೆ ಅದು. ಚುಚ್ಚಿಸಿಕೊಂಡ ಎರಡು ವಾರದೊಳಗೆ ಹೆರಿಗೆಯಾದರೆ ಕೂಸಿಗೆ ಸಾಕಷ್ಟು ಪ್ರತಿಕಾಯ ಸೇರಿರುವುದಿಲ್ಲ. "ಹೆರಿಗೆಗೆ ತವರಿಗೆ ಹೋದ ಮೇಲೆ ನೋಡೋಣ" ಎಂದು ಮುಂದೂಡುವವರು ಇದನ್ನು ನೆನಪಿಡಬೇಕು.

ಎರಡನೆಯ ದಾರಿ ನೇರವಾಗಿ ಕೂಸಿಗೆ. ಇದು ಲಸಿಕೆಯಲ್ಲ, ಮೊದಲೇ ತಯಾರಿಸಿದ ಪ್ರತಿಕಾಯ. ಹೆಸರು ನಿರ್ಸೆವಿಮ್ಯಾಬ್, ವ್ಯಾಪಾರದ ಹೆಸರು ಬೇಫೋರ್ಟಸ್. ತೊಡೆಗೆ ಒಂದೇ ಚುಚ್ಚುಮದ್ದು. ಐದು ಕಿಲೋಗಿಂತ ಕಡಿಮೆ ತೂಕದ ಕೂಸಿಗೆ 50 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿದ್ದರೆ 100. ದೇಹ ಕಲಿಯಬೇಕಾಗಿಲ್ಲವಾದ್ದರಿಂದ ಕೂಡಲೇ ಕೆಲಸ ಶುರುವಾಗಿ ಕನಿಷ್ಠ ಐದು ತಿಂಗಳು, ಅಂದರೆ ಹೆಚ್ಚುಕಡಿಮೆ ಒಂದು ಮಳೆಗಾಲ, ಕಾಯುತ್ತದೆ. ಇತರ ಲಸಿಕೆಗಳ ದಿನವೇ ಇದನ್ನೂ ಕೊಡಬಹುದು. ಸ್ಪೇನ್ ದೇಶದ ಗಲೀಸಿಯಾ ಪ್ರಾಂತ್ಯದಲ್ಲಿ 2023ರ ಸೆಪ್ಟೆಂಬರ್‌ನಿಂದ ಎಲ್ಲ ಶಿಶುಗಳಿಗೂ ಕೊಡಲು ಆರಂಭಿಸಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪೋಷಕರು ಒಪ್ಪಿದರು. ಪಡೆದ ಕೂಸುಗಳಲ್ಲಿ ಈ ರೋಗಕ್ಕಾಗಿ ಆಸ್ಪತ್ರೆ ಸೇರುವುದು ನೂರಕ್ಕೆ 80ರಷ್ಟು ಕಡಿಮೆಯಾಯಿತು. ತಾಯಿ ಸಕಾಲದಲ್ಲಿ ಲಸಿಕೆ ಪಡೆದಿದ್ದರೆ ಸಾಮಾನ್ಯವಾಗಿ ಕೂಸಿಗೆ ಇದು ಬೇಕಾಗುವುದಿಲ್ಲ, ಎರಡರಲ್ಲಿ ಒಂದು ಸಾಕು. ಅವಧಿಪೂರ್ವ ಹುಟ್ಟಿದ, ಹೃದಯದಲ್ಲಿ ಹುಟ್ಟುದೋಷವಿರುವ, ಶ್ವಾಸಕೋಶದ ದೀರ್ಘ ತೊಂದರೆಯಿರುವ ಕೂಸುಗಳ ವಿಷಯ ಬೇರೆ, ಅದನ್ನು ಮಕ್ಕಳ ವೈದ್ಯರು ನಿರ್ಧರಿಸುತ್ತಾರೆ.

ಈಗ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ: ಇದು ನಮಗೆ ಸಿಗುತ್ತದೆಯೇ? ನಿರ್ಸೆವಿಮ್ಯಾಬ್‌ಗೆ ಭಾರತದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೆ ಸರ್ಕಾರ ಪುಕ್ಕಟೆಯಾಗಿ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಆರ್‌.ಎಸ್‌.ವಿ. ರಕ್ಷಣೆ ಸೇರಿಲ್ಲ. ಹೊರಗೆ ಕೊಳ್ಳುವುದಾದರೆ ಕೂಲಿ ಮಾಡುವ ಕುಟುಂಬದ ಕೈಗೆ ಎಟುಕುವ ಬೆಲೆಯೂ ಅದಲ್ಲ. ಅತಿ ಹೆಚ್ಚು ಅಗತ್ಯವಿರುವ ಕೂಸಿಗೆ ಅತಿ ಕೊನೆಗೆ ತಲುಪುವುದು ಹೊಸ ಔಷಧಗಳ ಹಳೆಯ ಚಾಳಿ. ನ್ಯುಮೋನಿಯಾ ತಡೆಯುವ ಪಿ.ಸಿ.ವಿ. ಲಸಿಕೆಯೂ ಮೊದಲು ಉಳ್ಳವರ ಮಕ್ಕಳಿಗೆ ಮಾತ್ರ ಸಿಗುತ್ತಿತ್ತು. 2021ರಲ್ಲಿ ಅದು ದೇಶದಾದ್ಯಂತ ಸರ್ಕಾರಿ ಪಟ್ಟಿಗೆ ಸೇರಿ ಇಂದು ಅಂಗನವಾಡಿಯಲ್ಲಿಯೇ ಹಾಕುತ್ತಾರೆ. ಹಾಗಾಗಿ ನಮ್ಮ ಸಲಹೆ ಇಷ್ಟು: ಏಳನೆಯ ತಿಂಗಳ ತಪಾಸಣೆಗೆ ಬಂದಾಗಲೇ ಈ ವಿಷಯ ಕೇಳಿರಿ. ಹೆಚ್ಚಿನ ಅಪಾಯದ ಕೂಸಾದರೆ ಸಾಲ ಮಾಡಿಯಾದರೂ ಕೊಡಿಸಬೇಕೇ ಬೇಡವೇ ಎಂಬುದನ್ನು ವೈದ್ಯರೊಂದಿಗೆ ಕುಳಿತು ಬಿಚ್ಚುಮನಸ್ಸಿನಿಂದ ಮಾತಾಡಿ. ಒಂಬತ್ತು ತಿಂಗಳು ತುಂಬಿ ಹುಟ್ಟಿ, ತೂಕ ಚೆನ್ನಾಗಿದ್ದು, ಎದೆಹಾಲು ಕುಡಿಯುವ ಕೂಸಾದರೆ ಕೊಡಿಸಲಾಗಲಿಲ್ಲವೆಂದು ಯಾವ ತಾಯಿಯೂ ಕೊರಗಬೇಕಾಗಿಲ್ಲ.

ಹಿರಿಯರ ಮಾತು

ಮುಪ್ಪಿನಲ್ಲಿ ರೋಗನಿರೋಧಕ ಶಕ್ತಿ ಕುಂದಿದಾಗ ಇದೇ ವೈರಾಣು ಮತ್ತೆ ಎದೆಗೆ ಇಳಿಯುತ್ತದೆ. ಅರವತ್ತು ದಾಟಿದವರಲ್ಲಿ, ಅದರಲ್ಲೂ ದಮ್ಮು, ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯ ಇದ್ದವರಲ್ಲಿ, ವಾರದ ನೆಗಡಿ ನ್ಯುಮೋನಿಯಾ ಆಗಿ ತಿರುಗಬಹುದು ಅಥವಾ ಹತೋಟಿಯಲ್ಲಿದ್ದ ಹೃದ್ರೋಗ ಕೆರಳಬಹುದು. ಐವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತ ಅಜ್ಜಿಯರ ಶ್ವಾಸಕೋಶವೂ ಬೀಡಿ ಸೇದಿದ ಅಜ್ಜನ ಶ್ವಾಸಕೋಶದಷ್ಟೇ ಸವೆದಿರುತ್ತದೆ. ಆಕೆ ಒಂದು ಬೀಡಿಯನ್ನೂ ಮುಟ್ಟಿರುವುದಿಲ್ಲ, ಪಾಪ. ಮುಂಡಗೋಡದ ಟಿಬೆಟನ್ ಕಾಲೊನಿ 1966ರಲ್ಲಿ ನೆಲೆಗೊಂಡದ್ದು. ಅಂದು ಬಂದ ತಲೆಮಾರಿನವರಿಗೆ ಇಂದು ವಯಸ್ಸಾಗಿದೆ. ಮಠಗಳಲ್ಲಿ ಹಲವರು ಒಟ್ಟಿಗೆ ವಾಸಿಸುವ ಕಡೆ ಒಬ್ಬರ ಕೆಮ್ಮು ಬೇಗ ಎಲ್ಲರದಾಗುತ್ತದೆ.

ಹಿರಿಯರಿಗಾಗಿ 2023ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದದ್ದು ಅರೆಕ್ಸ್‌ವಿ ಎಂಬ ಲಸಿಕೆ. ಅರವತ್ತು ದಾಟಿದ ಸುಮಾರು 25,000 ಜನರ ಪರೀಕ್ಷೆಯಲ್ಲಿ ಮೊದಲ ವರ್ಷ ಎದೆಗಿಳಿದ ರೋಗವನ್ನು ಅದು ನೂರಕ್ಕೆ 82ರಷ್ಟು ತಡೆಯಿತು. ಅಬ್ರಿಸ್ವೋವನ್ನೂ ಹಿರಿಯರಿಗೆ ಕೊಡುತ್ತಾರೆ. ಫ್ಲೂ ಲಸಿಕೆಯಂತೆ ವರ್ಷವರ್ಷವೂ ಬೇಕಾಗಿಲ್ಲ, ಸದ್ಯಕ್ಕೆ ಒಂದು ಡೋಸ್ ಮಾತ್ರ. ಅಮೆರಿಕದಲ್ಲಿ 75 ದಾಟಿದ ಎಲ್ಲರಿಗೂ, 50ರಿಂದ 74ರ ನಡುವಿನವರಲ್ಲಿ ಅಪಾಯವುಳ್ಳವರಿಗೂ ಸಲಹೆ ಮಾಡುತ್ತಾರೆ. ತೋಳುನೋವು, ಒಂದೆರಡು ದಿನ ಮೈಕೈ ನೋವು ಸಾಮಾನ್ಯ. ಕಾಲಿನ ನರ ದುರ್ಬಲವಾಗುವ ಗಿಲನ್-ಬಾರೆ ತೊಂದರೆ ಬಹಳ ಅಪರೂಪಕ್ಕೆ, ಹತ್ತು ಲಕ್ಷ ಡೋಸಿಗೆ ಏಳರಿಂದ ಒಂಬತ್ತರಷ್ಟು ಹೆಚ್ಚುವರಿಯಾಗಿ ಕಂಡಿದೆ ಎಂದು 2025ರಲ್ಲಿ ಎಚ್ಚರಿಕೆ ಸೇರಿಸಿದ್ದಾರೆ. ಹಿಂದೆ ಆ ತೊಂದರೆ ಆಗಿದ್ದವರು ವೈದ್ಯರಿಗೆ ಮೊದಲೇ ಹೇಳಬೇಕು. ಔಷಧ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಫೋನಿನಲ್ಲಿ ವಿಚಾರಿಸಿಕೊಂಡೇ ಊರು ಬಿಡಿ, ಮುದುಕರನ್ನು ಬಸ್ಸಿನಲ್ಲಿ ಸುಮ್ಮನೆ ಅಲೆದಾಡಿಸಬೇಡಿ.

ಇಲ್ಲೊಂದು ಮಾತನ್ನು ಕೆಂಪು ಮಸಿಯಲ್ಲಿ ಬರೆಯುವಂತಿದ್ದರೆ ಬರೆಯುತ್ತಿದ್ದೆವು. ಅರೆಕ್ಸ್‌ವಿ ಹಿರಿಯರ ಲಸಿಕೆ, ಅದನ್ನು ಗರ್ಭಿಣಿಯರಿಗೆ ಕೊಡಬಾರದು. ಅದೇ ಕಂಪನಿ ಗರ್ಭಿಣಿಯರಿಗೆಂದು ನಡೆಸುತ್ತಿದ್ದ ಪರೀಕ್ಷೆಯನ್ನು ಅವಧಿಪೂರ್ವ ಹೆರಿಗೆ ಹೆಚ್ಚಿದ್ದರಿಂದ 2022ರಲ್ಲಿ ನಿಲ್ಲಿಸಬೇಕಾಯಿತು. ಎರಡೂ ಆರ್‌.ಎಸ್‌.ವಿ. ಲಸಿಕೆಗಳೇ ಆದ್ದರಿಂದ ಹೊರದೇಶಗಳಲ್ಲಿ ಅದಲುಬದಲಾದದ್ದುಂಟು. ಚುಚ್ಚುವ ಮೊದಲು ಡಬ್ಬಿಯ ಮೇಲಿನ ಹೆಸರನ್ನು ಕೇಳಿ ತಿಳಿಯುವುದು ನಿಮ್ಮ ಹಕ್ಕು. ಕೇಳಿದರೆ ಯಾವ ನರ್ಸಮ್ಮನೂ ಸಿಟ್ಟಾಗಬಾರದು.

ದುಡ್ಡಿಲ್ಲದೆ ಆಗುವ ತಡೆ

ಲಸಿಕೆ ಸಿಗಲಿ ಬಿಡಲಿ, ಈ ವೈರಾಣು ಕೂಸಿನ ಬಳಿಗೆ ನಡೆದು ಬರುವುದಿಲ್ಲ, ನಾವೇ ಕೈಯಲ್ಲಿ, ಮುತ್ತಿನಲ್ಲಿ ತಂದು ಕೊಡುತ್ತೇವೆ. ಗಟ್ಟಿ ವಸ್ತುಗಳ ಮೇಲೆ ಅದು ಗಂಟೆಗಟ್ಟಲೆ ಬದುಕಿರುತ್ತದೆ. ತೊಟ್ಟಿಲು ಕಾರ್ಯದ ದಿನ ಬಂದ ನೆಂಟರೆಲ್ಲ ಕೂಸಿನ ಗಲ್ಲ ಹಿಂಡಿ ಮುತ್ತು ಕೊಡುವುದು ಪ್ರೀತಿಯಿಂದಲೇ, ಆದರೆ ಅವರಲ್ಲಿ ಒಬ್ಬರಿಗೆ ನೆಗಡಿಯಿದ್ದರೂ ಸಾಕು. ನೆಗಡಿಯಾದವರು ದೂರದಿಂದ ಹರಸಲಿ. ಕೈ ಸಾಬೂನಿನಿಂದ ತೊಳೆಯದೆ ಯಾರೂ ಎತ್ತಿಕೊಳ್ಳುವುದು ಬೇಡ, ಅಜ್ಜಿಯೂ ಸೇರಿ. ಉಳವಿ ಜಾತ್ರೆಗೆ ಹೋಗುವ ಮನೆಯವರು ಮೂರು ತಿಂಗಳೊಳಗಿನ ಕೂಸನ್ನೂ ಬಾಣಂತಿಯನ್ನೂ ಮನೆಯಲ್ಲಿ ಬಿಟ್ಟು ಹೋಗುವುದು ಒಳ್ಳೆಯದು, ಮುಂದಿನ ವರ್ಷ ಕೂಸು ನಡೆದುಕೊಂಡೇ ಬಂದೀತು.

ಇನ್ನು ಬಾಣಂತಿ ಕೋಣೆ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ, ಗಾಳಿ ಬಾರದಂತೆ ಕಿಟಕಿಗೆ ಗೋಣಿಚೀಲ, ಇವು ನಮ್ಮ ಕಡೆ ಬಹುಕಾಲದಿಂದ ಬಂದ ರೂಢಿ. ಬೆಚ್ಚಗಿಡಬೇಕೆಂಬ ಹಿರಿಯರ ಕಾಳಜಿ ಸರಿಯಾದದ್ದೇ, ಹೊಗೆ ಮಾತ್ರ ಸರಿಯಲ್ಲ. ಹೊಗೆ ಕುಡಿದ ಕಿರುನಾಳ ಮೊದಲೇ ಅರ್ಧ ಬಾತಿರುತ್ತದೆ. ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ, ಹತ್ತಿಯ ಬಟ್ಟೆ, ಟೊಪ್ಪಿಗೆಯಲ್ಲಿ ಬೆಚ್ಚಗಿಡಿ. ಗಿಣ್ಣುಹಾಲು ಚೆಲ್ಲಬೇಡಿ, ಆರು ತಿಂಗಳು ಎದೆಹಾಲು ಮಾತ್ರ ಕೊಡಿ. ಆರು, ಹತ್ತು, ಹದಿನಾಲ್ಕನೆಯ ವಾರದ ಸರ್ಕಾರಿ ಲಸಿಕೆಗಳನ್ನು ತಪ್ಪಿಸಬೇಡಿ. ಅವು ಆರ್‌.ಎಸ್‌.ವಿ. ತಡೆಯುವುದಿಲ್ಲ, ಆದರೆ ನ್ಯುಮೋನಿಯಾದ ಬೇರೆ ದೊಡ್ಡ ಬಾಗಿಲುಗಳನ್ನು ಮುಚ್ಚುತ್ತವೆ.

ಉಸಿರು ಎಣಿಸುವುದು ಹೇಗೆ

ಕೂಸು ಮಲಗಿದಾಗ ಅಥವಾ ಸುಮ್ಮನಿದ್ದಾಗ ಅಂಗಿ ಎತ್ತಿ ಹೊಟ್ಟೆ ಏರುವುದನ್ನು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ಓಡುವ ಉಸಿರು, ಅದೇ ದಿನ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಹೋಗುವುದು, ನರಳುವ ಸದ್ದು, ಮೊಲೆ ಹಿಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು, ತುಟಿ ನೀಲಿ ತಿರುಗುವುದು, ನಡುವೆ ಉಸಿರು ನಿಲ್ಲುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದ ಊರಿನವರು ಯಾವ ದಿಬ್ಬದ ಮೇಲೆ ಫೋನ್ ಹತ್ತುತ್ತದೆ, ರಾತ್ರಿ ಯಾರ ಜೀಪು ಸಿಗುತ್ತದೆ ಎಂದು ಆಶಾ ಕಾರ್ಯಕರ್ತೆಯ ಜೊತೆ ಮಳೆಗೆ ಮೊದಲೇ ಮಾತಾಡಿಟ್ಟುಕೊಳ್ಳಿ.

ಹೊಟ್ಟೆಗೆ, ಪಕ್ಕೆಗೆ ಬರೆ ಹಾಕಿಸಿ ಎರಡು ದಿನ ಕಳೆದು ಬರುವ ಕೂಸುಗಳು ಈಗಲೂ ಇವೆ. ಬರೆಯಿಂದ ಕಿರುನಾಳದ ಕಫ ಕರಗುವುದಿಲ್ಲ, ಸುಟ್ಟ ಗಾಯವೊಂದು ಹೆಚ್ಚಾಗುತ್ತದೆ. ಅಂಗಡಿಯ ಕೆಮ್ಮಿನ ಸಿರಪ್ ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಸಿರಪ್ ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚನೆ ಹೊರಡಿಸಿದೆ. ವೈರಾಣುವಿಗೆ ಆ್ಯಂಟಿಬಯೋಟಿಕ್ ನಾಟುವುದಿಲ್ಲವಾದ್ದರಿಂದ ವೈದ್ಯರು ಬರೆದು ಕೊಡದಿದ್ದರೆ "ಔಷಧಿನೇ ಕೊಡಲಿಲ್ಲ" ಎಂದು ಬೇಸರ ಮಾಡಿಕೊಳ್ಳಬೇಡಿ. ಈ ರೋಗದಲ್ಲಿ ಚಿಕಿತ್ಸೆಯೆಂದರೆ ಬೇಕಾದಷ್ಟು ಆಮ್ಲಜನಕ, ಹಾಲು ಅಥವಾ ಸಲೈನ್, ಮೂಗು ಶುಚಿ ಮಾಡುವುದು ಮತ್ತು ಕಣ್ಣಿಟ್ಟು ಕಾಯುವುದು. ಹೆಚ್ಚಿನ ಕೂಸುಗಳು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತವೆ.

ಬರುವಾಗ ತಾಯಿ ಕಾರ್ಡ್, ರೇಷನ್ ಕಾರ್ಡ್, ಇದ್ದರೆ ಆಯುಷ್ಮಾನ್ ಕಾರ್ಡ್ ತನ್ನಿ. ದಾರಿಯಲ್ಲಿ ಕೂಸಿನ ತಲೆ ಎತ್ತರವಿರುವಂತೆ ಎದೆಗೊರಗಿಸಿ ಹಿಡಿಯಿರಿ, ಮೂಗು ಬಾಯಿ ಶಾಲಿನಿಂದ ಮುಚ್ಚಬೇಡಿ. ಉಸಿರು ಬಹಳ ಓಡುತ್ತಿದ್ದರೆ ಬಲವಂತವಾಗಿ ಹಾಲಾಗಲಿ ನೀರಾಗಲಿ ಹಾಕಬೇಡಿ, ನೆತ್ತಿಗೆ ಹತ್ತೀತು. ಸಾಲಿನಲ್ಲಿ ಎಷ್ಟೇ ಜನರಿದ್ದರೂ ಪಕ್ಕೆ ಸೆಳೆಯುವ ಕೂಸಿಗೆ ಚೀಟಿ ಬೇಕಿಲ್ಲ, ನೇರವಾಗಿ ಒಳಗೆ ಬನ್ನಿ.